ಮಕ್ಕಳ ಸಮೇತ ಬೆಂಗಳೂರಿಗೆ ಬರುತ್ತಿದ್ದೀರಾ? ಮನೆಗಿಂತ ಮೊದಲು ಶಾಲೆ ನೋಡಿ

ದಸರಾ ರಜೆ ಮುಗಿಯಿತು ಅಂದರೆ ಈ ಪ್ರಶ್ನೆ ಶುರುವಾಗುತ್ತದೆ. ಹುಬ್ಬಳ್ಳಿಯಿಂದ, ದಾವಣಗೆರೆಯಿಂದ, ಶಿವಮೊಗ್ಗದಿಂದ, ಒಮ್ಮೊಮ್ಮೆ ಪುಣೆಯಿಂದ, ದುಬೈಯಿಂದಲೂ ಕೇಳುತ್ತಾರೆ. "ಬೆಂಗಳೂರಿಗೆ ಟ್ರಾನ್ಸ್‌ಫರ್ ಆಗಿದೆ, ಇಬ್ಬರು ಮಕ್ಕಳು, ಯಾವ ಏರಿಯಾ ಒಳ್ಳೆಯದು? ಹತ್ತಿರದಲ್ಲಿ ಒಳ್ಳೆ ಶಾಲೆ ಇರಬೇಕು." ಒಂದೇ ಸಾಲಿನಲ್ಲಿ ಉತ್ತರ ಕೊಟ್ಟರೆ ನಿಮಗೆ ಮೋಸ ಮಾಡಿದ ಹಾಗೆ. ಒಬ್ಬರಿಗೆ ಜಯನಗರ ಸರಿ, ಇನ್ನೊಬ್ಬರಿಗೆ ಅದೇ ಜಯನಗರದಿಂದ ದಿನಾ ಮೂರು ಗಂಟೆ ರಸ್ತೆಯಲ್ಲೇ ಹೋಗುತ್ತದೆ. ಹಾಗಾಗಿ ಏರಿಯಾದ ಹೆಸರು ಹೇಳುವುದಕ್ಕಿಂತ, ಅದನ್ನು ಹುಡುಕುವ ದಾರಿಯನ್ನೇ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಯಾರಾದರೂ ದೂರ ಓಡಾಡಲೇಬೇಕು ಅಂತಾದರೆ ದೊಡ್ಡವರು ಓಡಾಡಲಿ. ಮಗು ನಡೆದು ಹೋಗುವಷ್ಟು ಹತ್ತಿರ ಶಾಲೆ ಇರಲಿ. ತುಂಬಾ ಜನ ಇದನ್ನು ಉಲ್ಟಾ ಮಾಡುತ್ತಾರೆ. ಆಫೀಸಿನ ಪಕ್ಕ ಮನೆ ಹಿಡಿಯುತ್ತಾರೆ, ಆಮೇಲೆ ಆರು ವರ್ಷದ ಮಗುವನ್ನು ಬೆಳಿಗ್ಗೆ ಆರೂಮುಕ್ಕಾಲಿಗೆ ಬಸ್ಸು ಹತ್ತಿಸುತ್ತಾರೆ. ನಾವೂ ಮೊದಲ ವರ್ಷ ಅದನ್ನೇ ಮಾಡಿದ್ದೆವು. ಭಾನುವಾರ ಮನೆ ನೋಡಿದೆವು, ಹನ್ನೆರಡು ನಿಮಿಷದಲ್ಲಿ ಶಾಲೆ ಮುಟ್ಟಿದೆವು, ಅಲ್ಲೇ ಅಡ್ವಾನ್ಸ್ ಕೊಟ್ಟೆವು. ಸೋಮವಾರ ಅದೇ ದಾರಿಗೆ ಐವತ್ತು ನಿಮಿಷ ಹಿಡಿಯಿತು. ಹನ್ನೊಂದು ತಿಂಗಳಿಗೆ ಮನೆ ಬದಲಾಯಿಸಿದೆವು. ನಿಮಗೆ ಹಾಗಾಗಬಾರದು ಅಂತ ಇಷ್ಟೆಲ್ಲ ಬರೆಯುತ್ತಿದ್ದೇನೆ.

1. ಊರಲ್ಲೇ ಕೂತು ಬರೆದುಕೊಳ್ಳಬೇಕಾದದ್ದು

ಒಂದು ಹಾಳೆ ತೆಗೆದುಕೊಳ್ಳಿ. ಮಕ್ಕಳು ಮುಂದಿನ ಜೂನ್‌ಗೆ ಯಾವ ತರಗತಿ, ಈಗ ಯಾವ ಸಿಲಬಸ್, ಯಾವ ಮಾಧ್ಯಮ, ಮನೆಯಲ್ಲಿ ಕೆಲಸಕ್ಕೆ ಹೋಗುವವರ ಆಫೀಸು ಎಲ್ಲಿ, ವಾರಕ್ಕೆ ಎಷ್ಟು ದಿನ ಹೋಗಬೇಕು, ಇಷ್ಟನ್ನು ಬರೆಯಿರಿ. ಅಜ್ಜ ಅಜ್ಜಿ ಜೊತೆಗಿದ್ದಾರಾ ಅನ್ನುವುದನ್ನೂ ಬರೆಯಿರಿ. ಅವರಿದ್ದರೆ ಲಿಫ್ಟು, ಪಾರ್ಕು, ಆಸ್ಪತ್ರೆ, ಗುಡಿ ಎಲ್ಲ ಲೆಕ್ಕಕ್ಕೆ ಬರುತ್ತವೆ. ಮಗುವನ್ನು ಗೇಟಿನಿಂದ ಕರೆತರುವವರೂ ಅವರೇ ಆಗಿರಬಹುದು, ಅಲ್ವಾ?

ಆಮೇಲೆ ದುಡ್ಡು. ಬಾಡಿಗೆ ಬೇರೆ, ಶಾಲೆ ಫೀಸು ಬೇರೆ ಅಂತ ಲೆಕ್ಕ ಹಾಕಬೇಡಿ. ಎರಡನ್ನೂ ಕೂಡಿಸಿ, ಶಾಲೆ ಬಸ್ಸಿನ ದುಡ್ಡನ್ನೂ ಸೇರಿಸಿ, ವರ್ಷದ ಲೆಕ್ಕ ಮಾಡಿ. ಒಂದು ಉದಾಹರಣೆ ಕೊಡುತ್ತೇನೆ. ಶಾಲೆಯ ಹತ್ತಿರದ ಮನೆಗೆ ತಿಂಗಳಿಗೆ 6,000 ರೂಪಾಯಿ ಜಾಸ್ತಿ ಬಾಡಿಗೆ ಅಂತಿಟ್ಟುಕೊಳ್ಳಿ. ವರ್ಷಕ್ಕೆ 72,000 ಆಯಿತು. ದೂರದ ಮನೆಯಿಂದಾದರೆ ಶಾಲೆ ಬಸ್ಸಿಗೆ ಒಂದು ಮಗುವಿಗೆ 35,000 ಅಂದುಕೊಂಡರೂ ಇಬ್ಬರಿಗೆ 70,000. ದುಡ್ಡು ಹೆಚ್ಚು ಕಡಿಮೆ ಅಷ್ಟೇ ಆಯಿತು. ಹತ್ತಿರದ ಮನೆಯಲ್ಲಿ ಮಗುವಿಗೆ ದಿನಕ್ಕೆ ಒಂದೂವರೆ ಗಂಟೆ ಉಳಿಯಿತು. ಮೇಲಿನಿಂದ ನೋಡಿದರೆ ದುಬಾರಿ ಅನ್ನಿಸುವ ಏರಿಯಾ ಲೆಕ್ಕ ಹಾಕಿದಾಗ ದುಬಾರಿ ಅಲ್ಲದೇ ಇರಬಹುದು.

2. ಬೋರ್ಡ್ ಯಾವುದು ಅಂತ ತೀರ್ಮಾನಿಸಿ

ಬೋರ್ಡ್ ಅಂದರೆ ಪಠ್ಯಕ್ರಮ ಗೊತ್ತು ಮಾಡಿ ಪರೀಕ್ಷೆ ನಡೆಸುವ ಮಂಡಳಿ. ಬೆಂಗಳೂರಿನಲ್ಲಿ ಮುಖ್ಯವಾಗಿ ಮೂರು. ರಾಜ್ಯ ಪಠ್ಯಕ್ರಮ, ಅಂದರೆ ನಮ್ಮ ಎಸ್‌ಎಸ್‌ಎಲ್‌ಸಿ. ಕೇಂದ್ರದ ಸಿಬಿಎಸ್‌ಇ. ಮೂರನೆಯದು ಐಸಿಎಸ್‌ಇ, ಇದನ್ನು ನಡೆಸುವುದು ಸಿಐಎಸ್‌ಸಿಇ ಅನ್ನುವ ಖಾಸಗಿ ಮಂಡಳಿ. ಇಂಟರ್‌ನ್ಯಾಷನಲ್ ಬೋರ್ಡ್‌ಗಳೂ ಇವೆ, ಫೀಸು ಲಕ್ಷಗಳಲ್ಲಿ ಇರುತ್ತದೆ. ಶಾಲೆಯ ಹೆಸರಿನಲ್ಲಿ 'ಇಂಟರ್‌ನ್ಯಾಷನಲ್' ಅಂತ ಇದ್ದ ಮಾತ್ರಕ್ಕೆ ಬೋರ್ಡ್ ಹಾಗಿರುತ್ತದೆ ಅಂತ ತಿಳಿಯಬೇಡಿ.

ಮತ್ತೆ ಟ್ರಾನ್ಸ್‌ಫರ್ ಆಗುವ ಕೆಲಸವಾದರೆ ಸಿಬಿಎಸ್‌ಇ ಅನುಕೂಲ, ದೇಶದ ಯಾವ ಊರಿಗೆ ಹೋದರೂ ಸಿಗುತ್ತದೆ. ಕೇಂದ್ರ ಸರ್ಕಾರಿ ನೌಕರರಾಗಿದ್ದರೆ ಕೇಂದ್ರೀಯ ವಿದ್ಯಾಲಯವನ್ನು ಮೊದಲು ವಿಚಾರಿಸಿ, ಅಲ್ಲಿ ನಿಮಗೆ ಆದ್ಯತೆ ಇದೆ. ಕರ್ನಾಟಕದಲ್ಲೇ ನೆಲೆ ನಿಲ್ಲುವವರು ರಾಜ್ಯ ಪಠ್ಯಕ್ರಮ ಅಂದ ಕೂಡಲೇ ಮೂಗು ಮುರಿಯಬೇಡಿ. ಒಳ್ಳೆ ಮೇಷ್ಟ್ರುಗಳಿರುವ ರಾಜ್ಯ ಪಠ್ಯಕ್ರಮದ ಶಾಲೆ, ಮೇಷ್ಟ್ರುಗಳು ನಿಲ್ಲದ ದೊಡ್ಡ ಹೆಸರಿನ ಶಾಲೆಗಿಂತ ಎಷ್ಟೋ ಮೇಲು. ಸರ್ಕಾರದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಓದಬಹುದು. ನೀವು ನೋಡಿರುವ ಏರಿಯಾದ ಹತ್ತಿರ ಒಂದಿದ್ದರೆ ಒಮ್ಮೆ ಹೋಗಿ ಬನ್ನಿ. ಮಗು ಕನ್ನಡ ಮಾಧ್ಯಮದಲ್ಲಿ ಓದುತ್ತಿದೆ, ಚೆನ್ನಾಗೂ ಓದುತ್ತಿದೆ ಅಂದರೆ, ಬೆಂಗಳೂರು ಅನ್ನುವ ಒಂದೇ ಕಾರಣಕ್ಕೆ ಏಳನೇ ಕ್ಲಾಸಿನಲ್ಲಿ ಕಿತ್ತು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಬೇಡಿ. ಇಲ್ಲೂ ಕನ್ನಡ ಮಾಧ್ಯಮದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿವೆ. ಅನುದಾನಿತ ಅಂದರೆ ಆಡಳಿತ ಮಂಡಳಿ ಖಾಸಗಿ, ಮೇಷ್ಟ್ರ ಸಂಬಳ ಸರ್ಕಾರದ್ದು.

ಹೊರ ರಾಜ್ಯದಿಂದ, ಹೊರ ದೇಶದಿಂದ ಬರುವವರು ಒಂದು ವಿಷಯ ತಿಳಿದಿರಿ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ಕರ್ನಾಟಕದ ಶಾಲೆಗಳಲ್ಲಿ ಯಾವ ಬೋರ್ಡ್ ಆದರೂ ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಬೇಕು. ನಿಮ್ಮ ಮಗು ಮನೆಯಲ್ಲಿ ಕನ್ನಡ ಮಾತಾಡಿದರೂ ಓದಲು ಬರೆಯಲು ಬಾರದೇ ಇದ್ದರೆ, ಶಾಲೆಯಲ್ಲಿ ಮೊದಲಿನಿಂದ ಕಲಿಸುವ ಬೇರೆ ತರಗತಿ ಇದೆಯಾ ಅಂತ ಕೇಳಿ. ಇದನ್ನು ಕೇಳದೇ ಸೇರಿಸಿದ ಮನೆಗಳಲ್ಲಿ ಮಗು ಮೊದಲ ಕನ್ನಡ ಪರೀಕ್ಷೆಯ ಹಿಂದಿನ ರಾತ್ರಿ ಅಳುತ್ತಾ ಕೂತಿದ್ದನ್ನು ನೋಡಿದ್ದೇನೆ. ರಜೆಯಲ್ಲೇ ಅಜ್ಜಿ ಹತ್ತಿರ ಅ ಆ ಇ ಈ ಶುರು ಮಾಡಿಸಿ.

ಎಚ್ಚರಿಕೆ: ಬೋರ್ಡ್ ಬದಲಾಯಿಸುವುದಾದರೆ ಎಂಟನೇ ಕ್ಲಾಸಿನ ಒಳಗೆ ಬದಲಾಯಿಸಿ. ಒಂಬತ್ತರಲ್ಲಿ ಬೋರ್ಡ್ ಪರೀಕ್ಷೆಗೆ ಹೆಸರು ನೋಂದಣಿ ಆಗುತ್ತದೆ, ಹತ್ತಕ್ಕೆ ನೇರವಾಗಿ ಸೇರುವುದು ಬಹಳ ಕಷ್ಟ. ದೊಡ್ಡ ಮಗು ಈಗ ಒಂಬತ್ತರಲ್ಲಿದ್ದರೆ, ಸಾಧ್ಯವಾದರೆ ಒಂದು ವರ್ಷ ಮನೆಯವರಲ್ಲಿ ಒಬ್ಬರು ಊರಲ್ಲೇ ಉಳಿದು ಹತ್ತು ಮುಗಿಸಿಕೊಂಡು ಬರುವುದೇ ಒಳ್ಳೆಯದು. ಕಷ್ಟ ಅಂತ ಗೊತ್ತು. ಆದರೂ ಹೇಳಲೇಬೇಕು.

3. ನಕಾಶೆ ಮೇಲೆ ಏರಿಯಾ ಆರಿಸುವುದು

ಈಗ ಮೆಟ್ರೋ ನಕಾಶೆ ಮುಂದಿಟ್ಟುಕೊಳ್ಳಿ. ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಹೋಗುತ್ತದೆ. ಹಸಿರು ಮಾರ್ಗ ಮಾದಾವರದಿಂದ ರೇಷ್ಮೆ ಸಂಸ್ಥೆವರೆಗೆ. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಆರ್‌.ವಿ. ರೋಡಿನಿಂದ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ ಹೋಗುತ್ತದೆ. ನೇರಳೆ ಮತ್ತು ಹಸಿರು ಮೆಜೆಸ್ಟಿಕ್‌ನಲ್ಲಿ ಕೂಡುತ್ತವೆ, ಹಸಿರು ಮತ್ತು ಹಳದಿ ಆರ್‌.ವಿ. ರೋಡಿನಲ್ಲಿ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇದ್ದ ಮಾತ್ರಕ್ಕೆ ಅಲ್ಲೇ ಮನೆ ಮಾಡಬೇಕು ಅಂತೇನೂ ಈಗ ಇಲ್ಲ. ಜಯನಗರ, ಬನಶಂಕರಿ, ಜೆ.ಪಿ. ನಗರದ ಕಡೆ ಮನೆ ಮಾಡಿ ಮೆಟ್ರೋದಲ್ಲಿ ಹೋಗಿ ಬರಬಹುದು. ಈ ಹಳೆಯ ಬಡಾವಣೆಗಳಲ್ಲಿ ಸರ್ಕಾರಿ, ಅನುದಾನಿತ, ಖಾಸಗಿ ಎಲ್ಲ ಥರದ ಶಾಲೆಗಳು ಒಂದರ ಪಕ್ಕ ಒಂದು ಇವೆ. ಪಾರ್ಕು, ಆಟದ ಮೈದಾನ, ಲೈಬ್ರರಿ ನಡೆಯುವ ದೂರದಲ್ಲಿವೆ. ಮನೆಗಳು ಹಳೆಯವು, ಕಾರು ನಿಲ್ಲಿಸಲು ಜಾಗ ಕಡಿಮೆ, ಅದು ಒಪ್ಪಿಕೊಳ್ಳಬೇಕಾದ ಮಾತು. ಕೆಲಸ ಪೀಣ್ಯದ ಕಡೆ ಇದ್ದರೆ ರಾಜಾಜಿನಗರ, ಮಲ್ಲೇಶ್ವರ, ಮಹಾಲಕ್ಷ್ಮಿ ಬಡಾವಣೆ ನೋಡಿ. ವಿಧಾನಸೌಧದ ಸುತ್ತ ಇದ್ದರೆ ವಿಜಯನಗರದಿಂದ ನೇರಳೆ ಮಾರ್ಗ ಸುಲಭ. ವೈಟ್‌ಫೀಲ್ಡ್‌ಗೆ ವಿಜಯನಗರದಿಂದ ಹೋಗುವುದಾದರೆ ಒಂದು ಗಂಟೆ ಮೇಲೆಯೇ ಆಗುತ್ತದೆ, ಆದರೆ ಕೂತು ಅಥವಾ ನಿಂತು ಹೋಗುವ ಆ ಸಮಯ ದಿನಾ ಒಂದೇ ಇರುತ್ತದೆ, ಮಳೆ ಬಂದರೂ ಬದಲಾಗುವುದಿಲ್ಲ. ವಾರಕ್ಕೆ ಎರಡು ಮೂರು ದಿನ ಮಾತ್ರ ಆಫೀಸು ಇರುವವರಿಗೆ ಇದು ಹೊಂದುತ್ತದೆ.

ಹೊರ ವರ್ತುಲ ರಸ್ತೆ, ಸರ್ಜಾಪುರ ರಸ್ತೆ ಕಡೆ ಆಫೀಸು ಇದ್ದರೆ ಮೆಟ್ರೋ ಲೆಕ್ಕ ಇನ್ನೂ ಕೂಡಿ ಬರುವುದಿಲ್ಲ. ಆಗ ಆಫೀಸಿನ ಕಡೆಗೇ ಮನೆ ನೋಡುವುದು ಸರಿ. ಅಲ್ಲೂ ಶಾಲೆಗಳು ಬೇಕಾದಷ್ಟಿವೆ, ಆದರೆ ಹೆಚ್ಚಿನವು ಹೊಸವು, ಹೆಚ್ಚಿನವು ದುಬಾರಿ. ಹೊಸ ಶಾಲೆ ಕೆಟ್ಟದ್ದು ಅಂತಲ್ಲ. ಕಾಗದ ಪತ್ರ ಸರಿಯಾಗಿ ನೋಡಬೇಕು ಅಷ್ಟೇ. ಅದಕ್ಕೇ ಮುಂದಿನ ಹಂತ.

ಇಷ್ಟು ಮಾಡಿದ ಮೇಲೆ ಎರಡು, ಹೆಚ್ಚೆಂದರೆ ಮೂರು ಏರಿಯಾ ಉಳಿಸಿಕೊಳ್ಳಿ. ಪ್ರತಿ ಏರಿಯಾದಲ್ಲಿ ಮೂರು ನಾಲ್ಕು ಶಾಲೆ ಗುರುತು ಮಾಡಿ. ಒಂದೇ ಶಾಲೆಯನ್ನು ನಂಬಿ ಏರಿಯಾ ಆರಿಸಬೇಡಿ, ಸೀಟು ಸಿಗದಿದ್ದರೆ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

4. ಶಾಲೆಯ ಕಾಗದ ಪತ್ರ ನೋಡುವುದು (ಇದನ್ನು ಬಿಡಲೇಬೇಡಿ)

ಎರಡು ಪದ ಗೊತ್ತಿರಲಿ. ಮಾನ್ಯತೆ ಅಂದರೆ ಶಾಲೆ ನಡೆಸಲು ರಾಜ್ಯದ ಶಿಕ್ಷಣ ಇಲಾಖೆ ಕೊಡುವ ಒಪ್ಪಿಗೆ. ಸಂಯೋಜನೆ ಅಂದರೆ ಸಿಬಿಎಸ್‌ಇ ಅಥವಾ ಐಸಿಎಸ್‌ಇ ಮಂಡಳಿ ಆ ಶಾಲೆಯನ್ನು ತನ್ನದು ಅಂತ ಒಪ್ಪಿಕೊಳ್ಳುವುದು. ಗೇಟಿನ ಮೇಲೆ 'ಸಿಬಿಎಸ್‌ಇ ಪಠ್ಯಕ್ರಮ' ಅಂತ ಬರೆದಿದ್ದರೆ ಸಂಯೋಜನೆ ಇದೆ ಅಂತ ಅರ್ಥ ಅಲ್ಲ. ಸಿಬಿಎಸ್‌ಇ ಪುಸ್ತಕ ಓದಿಸುತ್ತೇವೆ ಅನ್ನುವುದಕ್ಕೂ ಆ ಬೋರ್ಡ್‌ನ ಪರೀಕ್ಷೆಗೆ ಕೂರಿಸುವುದಕ್ಕೂ ತುಂಬಾ ವ್ಯತ್ಯಾಸ. 2023ರ ಶುರುವಿನಲ್ಲಿ ಇದೇ ವಿಷಯಕ್ಕೆ ಬೆಂಗಳೂರಿನಲ್ಲಿ ತಂದೆ ತಾಯಂದಿರು ಶಾಲೆಯ ಮುಂದೆ ನಿಂತು ಪ್ರತಿಭಟನೆ ಮಾಡಿದ್ದರು.

ನೋಡುವುದು ಹೀಗೆ. ಸಿಬಿಎಸ್‌ಇಗೆ 'ಸಾರಸ್' ಅನ್ನುವ ಜಾಲತಾಣ ಇದೆ. ಅಲ್ಲಿ ರಾಜ್ಯ, ಜಿಲ್ಲೆ ಹಾಕಿ ಶಾಲೆಯ ಹೆಸರು ಹುಡುಕಿ. ಸಂಯೋಜನೆ ಹತ್ತನೇ ಕ್ಲಾಸಿನವರೆಗಾ, ಹನ್ನೆರಡರವರೆಗಾ, ಯಾವ ವರ್ಷದ ತನಕ ಇದೆ ಅಂತ ನೋಡಿ. ಒಂದೇ ಸಂಸ್ಥೆಗೆ ಹತ್ತು ಶಾಖೆ ಇರಬಹುದು. ನಿಮಗೆ ಬೇಕಾದ ಶಾಖೆಯ ವಿಳಾಸವೇ ಅಲ್ಲಿರಬೇಕು. ಬೇರೆ ಶಾಖೆಯ ಸಂಖ್ಯೆ ತೋರಿಸಿದರೆ ಒಪ್ಪಬೇಡಿ. ಐಸಿಎಸ್‌ಇ ಶಾಲೆಗಳನ್ನೂ ಅವರ ಮಂಡಳಿಯ ತಾಣದಲ್ಲಿ ಹೀಗೇ ಹುಡುಕಬಹುದು. ಸಿಬಿಎಸ್‌ಇ ಶಾಲೆಗಳು ತಮ್ಮ ವೆಬ್‌ಸೈಟಿನಲ್ಲಿ ಕಟ್ಟಡ ಸುರಕ್ಷತೆ, ಅಗ್ನಿ ಸುರಕ್ಷತೆಯ ಪ್ರಮಾಣಪತ್ರ, ಫೀಸಿನ ವಿವರ, ಮೇಷ್ಟ್ರುಗಳ ಸಂಖ್ಯೆ ಎಲ್ಲ ಹಾಕಲೇಬೇಕು. ಹಾಕಿದ್ದಾರಾ ನೋಡಿ. ಪ್ರಮಾಣಪತ್ರ ಒತ್ತಿದರೆ ತೆರೆಯುತ್ತದಾ, ತಾರೀಖು ಹಳೆಯದಾ ಅಂತಲೂ ನೋಡಿ.

ಯಾವ ಶಾಲೆಯಾದರೂ ಯು-ಡೈಸ್ ಸಂಖ್ಯೆ ಇರುತ್ತದೆ. ಇದು ದೇಶದ ಪ್ರತಿ ಶಾಲೆಗೆ ಕೊಡುವ 11 ಅಂಕಿಯ ಸಂಖ್ಯೆ, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಯು-ಡೈಸ್ ತಾಣದಲ್ಲಿ ಈ ಸಂಖ್ಯೆ ಹಾಕಿದರೆ ಮಕ್ಕಳೆಷ್ಟು, ಮೇಷ್ಟ್ರುಗಳೆಷ್ಟು, ಶೌಚಾಲಯ, ಮೈದಾನ ಇದೆಯಾ ಎಲ್ಲ ಕಾಣುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದರವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕರು, ಆರರಿಂದ ಎಂಟರವರೆಗೆ 35ಕ್ಕೆ ಒಬ್ಬರು ಇರಬೇಕು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕಿ.

ಏನಾದರೂ ಅನುಮಾನ ಬಂದರೆ ಆ ಭಾಗದ ಬಿಇಒ ಕಚೇರಿಗೆ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ ಕೇಳಿ. ಸಂಕೋಚ ಬೇಡ. ಶಾಲೆಗೆ ಮಾನ್ಯತೆ ಇದೆಯೋ ಇಲ್ಲವೋ ಕೇಳುವುದು ನಿಮ್ಮ ಹಕ್ಕು.

5. ಶಾಲೆಗೆ ಹೋಗಿ ನೋಡುವುದು

ಅಡ್ಮಿಷನ್ ಕೌಂಟರಿನ ಎ.ಸಿ. ಕೋಣೆ ನೋಡಿ ವಾಪಸ್ ಬರಬೇಡಿ. ಶಾಲೆ ನಡೆಯುವ ದಿನ ಬೆಳಿಗ್ಗೆ ಗೇಟಿನ ಎದುರು ಇಪ್ಪತ್ತು ನಿಮಿಷ ನಿಲ್ಲಿ. ಎಷ್ಟು ಮಕ್ಕಳು ನಡೆದು ಬರುತ್ತಾರೆ, ಎಷ್ಟು ವ್ಯಾನುಗಳು ರಸ್ತೆ ಮಧ್ಯದಲ್ಲೇ ಮಕ್ಕಳನ್ನು ಇಳಿಸುತ್ತವೆ, ಸೆಕ್ಯುರಿಟಿಯವರು ಮಕ್ಕಳ ಕೈ ಹಿಡಿದು ರಸ್ತೆ ದಾಟಿಸುತ್ತಾರಾ, ಸುಮ್ನೆ ಸೀಟಿ ಊದುತ್ತಾ ನಿಂತಿರುತ್ತಾರಾ? ತಡವಾಗಿ ಓಡಿ ಬಂದ ಮಗುವನ್ನು ಗೇಟಿನಲ್ಲಿ ಹೇಗೆ ಮಾತಾಡಿಸುತ್ತಾರೆ? ನನಗೆ ಆ ಶಾಲೆ ಅರ್ಥವಾಗುವುದು ಅಲ್ಲೇ. ಮಧ್ಯಾಹ್ನ ಮತ್ತೆ ಹೋಗಿ, ಮಕ್ಕಳನ್ನು ಕರೆಯಲು ಬಂದು ನಿಂತ ಅಮ್ಮಂದಿರನ್ನು, ತಾತಂದಿರನ್ನು ಮಾತಾಡಿಸಿ. "ಶಾಲೆ ಹೇಗಿದೆ" ಅಂತ ಕೇಳಿದರೆ "ಚೆನ್ನಾಗಿದೆ" ಅಂತಾರೆ, ಅಷ್ಟೇ. "ಈ ವರ್ಷ ಮಗುವಿನ ಕ್ಲಾಸ್ ಟೀಚರ್ ಎಷ್ಟು ಸಲ ಬದಲಾದರು?" ಅಂತ ಕೇಳಿ. ಆಗ ನಿಜ ಹೊರಗೆ ಬರುತ್ತದೆ.

ಒಳಗೆ ಹೋದಾಗ ಮಕ್ಕಳ ಶೌಚಾಲಯ ತೋರಿಸಿ ಅಂತ ಕೇಳಿ. ಬೆಳಿಗ್ಗೆ ಅಲ್ಲ, ಊಟದ ಬಿಡುವು ಮುಗಿದ ಮೇಲೆ. ನಲ್ಲಿ ತಿರುಗಿಸಿ ನೋಡಿ. ಮೈದಾನ ಎಲ್ಲಿ ಅಂತ ಕೇಳಿ, ಫೋಟೋದಲ್ಲಿರುವ ಮೈದಾನ ಅದೇ ಶಾಖೆಯದ್ದಾ ಅಂತಲೂ ಕೇಳಿ.

ಬರೆದುಕೊಂಡು ಹೋಗಿ ಕೇಳಬೇಕಾದ ಪ್ರಶ್ನೆಗಳು ಇವು: ಒಂದು ಸೆಕ್ಷನ್‌ನಲ್ಲಿ ಎಷ್ಟು ಮಕ್ಕಳು (ಸಿಬಿಎಸ್‌ಇಯಲ್ಲಿ 40 ಅನ್ನುವುದು ವಾಡಿಕೆಯ ಮಿತಿ), ಯಾವ ತರಗತಿಯಿಂದ ಯಾವ ಭಾಷೆ, ಓದಿನಲ್ಲಿ ಹಿಂದಿರುವ ಮಗುವಿಗೆ ಏನು ಮಾಡುತ್ತೀರಿ, ಎಂಟರಲ್ಲಿ ಕಡಿಮೆ ಅಂಕ ಬಂದರೆ ಟಿಸಿ (ವರ್ಗಾವಣೆ ಪತ್ರ) ಕೊಟ್ಟು ಕಳಿಸುತ್ತೀರಾ. ಕೊನೆಯದನ್ನು ಕೇಳಲು ಮುಜುಗರ ಆಗಬಹುದು, ಆದರೂ ಕೇಳಿ. ಹತ್ತರ ಫಲಿತಾಂಶ ಶೇಕಡಾ 100 ಅಂತ ಫ್ಲೆಕ್ಸ್ ಹಾಕಿರುವ ಶಾಲೆಯಲ್ಲಿ ಎಂಟರಲ್ಲಿ ಎಷ್ಟು ಮಕ್ಕಳಿದ್ದರು, ಹತ್ತಕ್ಕೆ ಎಷ್ಟು ಉಳಿದರು ಅನ್ನುವುದೇ ಮುಖ್ಯ.

ಶಾಲೆ ಬಸ್ಸು ಬೇಕೇ ಬೇಕು ಅಂತಾದರೆ, "ನಿಮ್ಮ ಏರಿಯಾಗೆ ಬಸ್ಸು ಬರುತ್ತದೆ" ಅನ್ನುವ ಉತ್ತರ ಸಾಲದು. ನಮ್ಮ ಸ್ಟಾಪು ಎಷ್ಟನೆಯದು, ಎಷ್ಟು ಗಂಟೆಗೆ ಹತ್ತಬೇಕು, ಸಂಜೆ ಎಷ್ಟಕ್ಕೆ ಇಳಿಯುತ್ತಾರೆ ಅಂತ ಕೇಳಿ. ಮೊದಲ ಸ್ಟಾಪಿನ ಮಗು ಇಡೀ ಏರಿಯಾ ಸುತ್ತಿಕೊಂಡೇ ಶಾಲೆ ಮುಟ್ಟುವುದು. ಬಿಳಿ ನಂಬರ್ ಪ್ಲೇಟಿನ ಖಾಸಗಿ ವ್ಯಾನಿಗೆ ಕಳಿಸಬೇಡಿ, ಬಾಡಿಗೆಗೆ ಓಡಿಸಲು ಅದಕ್ಕೆ ಅನುಮತಿಯೇ ಇರುವುದಿಲ್ಲ. ಅಪಘಾತವಾದರೆ ವಿಮೆ ಸಿಗುವುದೂ ಕಷ್ಟ.

ದುಡ್ಡಿನ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ ಅಂತ ತಿಳಿದಿರಿ. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಡೊನೇಷನ್ ತೆಗೆದುಕೊಳ್ಳುವಂತಿಲ್ಲ. ಸೇರಿಸಿಕೊಳ್ಳುವುದಕ್ಕೆ ಮಗುವಿಗಾಗಲಿ ತಂದೆ ತಾಯಿಗಾಗಲಿ ಪರೀಕ್ಷೆ, ಸಂದರ್ಶನ ಮಾಡಿ ಆರಿಸುವಂತೆಯೂ ಇಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಏನೇ ದುಡ್ಡು ಕೊಟ್ಟರೂ ರಸೀದಿ ತೆಗೆದುಕೊಳ್ಳಿ. ಪುಸ್ತಕ, ಸಮವಸ್ತ್ರ, ಪ್ರವಾಸ, ಬಸ್ಸು ಎಲ್ಲ ಸೇರಿ ವರ್ಷಕ್ಕೆ ಎಷ್ಟು ಅಂತ ಬರವಣಿಗೆಯಲ್ಲಿ ಕೇಳಿ.

ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಸೀಟಿನ ಬಗ್ಗೆ ತುಂಬಾ ಜನ ಕೇಳುತ್ತಾರೆ. ಖಾಸಗಿ ಶಾಲೆಗಳಲ್ಲಿ ಶೇಕಡಾ 25ರಷ್ಟು ಸೀಟು ಬಡ ಮಕ್ಕಳಿಗೆ ಅನ್ನುವ ನಿಯಮ ಅದು. ಕರ್ನಾಟಕದಲ್ಲಿ 2019ರಿಂದ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಸಿಗುವುದಿಲ್ಲ. ಬೆಂಗಳೂರಿನಲ್ಲಿ ಬಹುತೇಕ ಎಲ್ಲ ಕಡೆ ಹತ್ತಿರದಲ್ಲಿ ಅಂಥ ಶಾಲೆ ಇದ್ದೇ ಇರುತ್ತದೆ. ಹಾಗಾಗಿ ಇದನ್ನೇ ನೆಚ್ಚಿಕೊಂಡು ಬರಬೇಡಿ. "ಆರ್‌ಟಿಇ ಸೀಟು ಕೊಡಿಸುತ್ತೇನೆ" ಅಂತ ದುಡ್ಡು ಕೇಳುವವರನ್ನು ದೂರ ಇಡಿ.

6. ಏರಿಯಾವನ್ನು ಮೂರು ಹೊತ್ತಿನಲ್ಲಿ ನೋಡಿ

ಭಾನುವಾರ ನೋಡಿದರೆ ಎಲ್ಲ ಏರಿಯಾನೂ ಚೆನ್ನಾಗಿಯೇ ಕಾಣುತ್ತದೆ. ಕೆಲಸದ ದಿನ ಬೆಳಿಗ್ಗೆ ಏಳೂಮುಕ್ಕಾಲಿಗೆ ಒಂದು ಸಲ, ಸಂಜೆ ಆರರ ಮೇಲೆ ಒಂದು ಸಲ, ರಾತ್ರಿ ಹತ್ತರ ನಂತರ ಒಂದು ಸಲ ಹೋಗಿ. ಬೆಳಿಗ್ಗೆ ಮನೆಯಿಂದ ಶಾಲೆಗೆ ಮಗುವಿನ ನಡಿಗೆಯಲ್ಲೇ ನಡೆದು ನೋಡಿ. ಫುಟ್‌ಪಾತ್ ಕೊನೆವರೆಗೂ ಇದೆಯಾ, ದೊಡ್ಡ ರಸ್ತೆ ಎಷ್ಟು ಸಲ ದಾಟಬೇಕು, ಚರಂಡಿ ಮೇಲಿನ ಕಲ್ಲು ಅಲ್ಲಾಡುತ್ತದಾ, ಬೀದಿ ನಾಯಿಗಳು ಎಲ್ಲಿ ಗುಂಪಾಗಿ ಮಲಗಿರುತ್ತವೆ, ಎಲ್ಲ ಆಗ ಗೊತ್ತಾಗುತ್ತದೆ. ಸಂಜೆ ಪಾರ್ಕಿಗೆ ಹೋಗಿ. ಮಕ್ಕಳು ಆಡುತ್ತಿದ್ದಾರಾ? ಹೆಣ್ಣುಮಕ್ಕಳು ಸೈಕಲ್ ಹೊಡೆಯುತ್ತಿದ್ದಾರಾ? ಬೆಂಚಿನ ಮೇಲೆ ವಯಸ್ಸಾದವರು ಕೂತಿದ್ದಾರಾ? ಇವಿಷ್ಟೂ ಇದ್ದರೆ ಆ ಏರಿಯಾ ಮಕ್ಕಳಿಗೆ ಒಳ್ಳೆಯದು ಅಂತ ಧೈರ್ಯವಾಗಿ ಹೇಳಬಹುದು. ರಾತ್ರಿ ಹೋಗುವುದು ಬೀದಿ ದೀಪ, ಬಾರು, ಗಲಾಟೆ ನೋಡಲಿಕ್ಕೆ.

ಆಮೇಲೆ ನೀರು. ಬೆಂಗಳೂರಿಗೆ ಹೊಸಬರು ಎಡವುವುದು ಇಲ್ಲೇ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ದೊಡ್ಡ ದೊಡ್ಡ ಅಪಾರ್ಟ್‌ಮೆಂಟಿನವರೂ ಟ್ಯಾಂಕರಿಗೆ ಕಾದು ಕೂತಿದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು, ಊರ ಅಂಚಿನ 110 ಹಳ್ಳಿಗಳಿಗೆ ದಿನಕ್ಕೆ 775 ದಶಲಕ್ಷ ಲೀಟರ್ ಕೊಡುವ ಯೋಜನೆ ಅದು. ಯೋಜನೆ ಇದೆ ಅಂದ ಮಾತ್ರಕ್ಕೆ ನೀವು ನೋಡಿದ ಮನೆಗೆ ನೀರು ಬರುತ್ತದೆ ಅಂತಲ್ಲ. ಓನರ್ ಹತ್ತಿರ ನಾಲ್ಕು ಪ್ರಶ್ನೆ ಕೇಳಿ: ಕಾವೇರಿ ಕನೆಕ್ಷನ್ ಇದೆಯಾ, ವಾರಕ್ಕೆ ಎಷ್ಟು ದಿನ ಬರುತ್ತದೆ, ಬೋರ್‌ವೆಲ್ ಇದೆಯಾ, ಏಪ್ರಿಲ್‌ನಲ್ಲಿ ಟ್ಯಾಂಕರ್ ತರಿಸಿದರೆ ದುಡ್ಡು ಯಾರು ಕೊಡುವುದು. ಇದೇ ನಾಲ್ಕನ್ನು ಪಕ್ಕದ ಮನೆಯವರಿಗೂ ಕೇಳಿ. ಎರಡೂ ಉತ್ತರ ಒಂದೇ ಇದ್ದರೆ ಸರಿ. ಸಂಪಿನ ಮುಚ್ಚಳ ತೆಗೆಸಿ ನೋಡುವುದರಲ್ಲೂ ತಪ್ಪಿಲ್ಲ. ಸಂಪು ಅಂದರೆ ಮನೆ ಮುಂದೆ ನೆಲದಡಿ ಇರುವ ನೀರಿನ ತೊಟ್ಟಿ.

ಮಳೆ ನೀರು ಇನ್ನೊಂದು ಕಥೆ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆ ಕಡೆಯ ವಿಲ್ಲಾಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಹೊರಗೆ ತಂದರು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ, 2025ರ ಮೇನಲ್ಲಿ ಹೊರಮಾವು ಕಡೆಯ ಸಾಯಿ ಲೇಔಟ್ ಮುಳುಗಿದವು. ಅಂದರೆ ಬಾಡಿಗೆ ಎಷ್ಟೇ ಜಾಸ್ತಿ ಇದ್ದರೂ ನೀರು ಬಿಡುವುದಿಲ್ಲ. ಕೆರೆಯಿಂದ ಕೆರೆಗೆ ನೀರು ಹರಿಯುವ ದೊಡ್ಡ ಕಾಲುವೆಗೆ ರಾಜಕಾಲುವೆ ಅಂತಾರೆ. ಮನೆ ಅದರ ಪಕ್ಕದಲ್ಲಿದೆಯಾ, ರಸ್ತೆಗಿಂತ ಕೆಳಗಿದೆಯಾ ನೋಡಿ. ಕಾಂಪೌಂಡ್ ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಕಂದು ಬಣ್ಣದ ಗೆರೆ ಎಳೆದ ಹಾಗೆ ಕಂಡರೆ ಅಲ್ಲಿವರೆಗೆ ನೀರು ಬಂದು ನಿಂತಿತ್ತು ಅಂತ ಅರ್ಥ. ಹೊಸದಾಗಿ ಕೆಳಗಷ್ಟೇ ಬಣ್ಣ ಬಳಿದಿದ್ದರೆ ಎದುರಿನ ಅಂಗಡಿಯವರನ್ನು ಕೇಳಿ. ಅವರಿಗೆ ಎಲ್ಲ ಗೊತ್ತಿರುತ್ತದೆ.

7. ಮನೆ ಹಿಡಿಯುವುದು

ಶಾಲೆಯಲ್ಲಿ ಸೀಟು ಖಾತ್ರಿ ಆದ ಮೇಲೆ ಮನೆಗೆ ಅಡ್ವಾನ್ಸ್ ಕೊಡಿ, ಮೊದಲು ಕೊಡಬೇಡಿ. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಅನ್ನುವುದು ಬೆಂಗಳೂರಿನ ಹಳೆಯ ವಾಡಿಕೆ, ಕಡ್ಡಾಯ ಅಲ್ಲ. ಐದಾರು ತಿಂಗಳಿಗೆ ಒಪ್ಪುವ ಓನರ್‌ಗಳು ಈಗ ಸಿಗುತ್ತಾರೆ, ಕೇಳಿ ನೋಡಿ. ಬಿಡುವಾಗ ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆ, ಬಾಡಿಗೆ ವರ್ಷಕ್ಕೆ ಎಷ್ಟು ಏರುತ್ತದೆ ಎರಡೂ ಕರಾರಿನಲ್ಲಿ ಇರಲಿ. ನೀವು ಮಕ್ಕಳ ಶಾಲೆಗಾಗಿ ಬಂದವರು, ಮಧ್ಯದಲ್ಲಿ ಖಾಲಿ ಮಾಡಿಸಿದರೆ ಕಷ್ಟ. ಹನ್ನೊಂದು ತಿಂಗಳ ಕರಾರಾದರೂ ಪರವಾಗಿಲ್ಲ, ಅದು ಮುಗಿಯುವ ತಿಂಗಳು ಏಪ್ರಿಲ್, ಮೇ ಸುತ್ತ ಬರುವ ಹಾಗೆ ನೋಡಿಕೊಳ್ಳಿ. ಪರೀಕ್ಷೆಯ ಹೊತ್ತಿಗೆ ಮನೆ ಹುಡುಕುವ ಗೋಳು ತಪ್ಪುತ್ತದೆ.

ಭೋಗ್ಯಕ್ಕೆ, ಅಂದರೆ ಲೀಸಿಗೆ ಹಾಕಿಕೊಳ್ಳುವವರು ತುಂಬಾ ಹುಷಾರಾಗಿರಿ. ಒಂದೇ ಸಲ ಲಕ್ಷಗಟ್ಟಲೆ ಕೊಟ್ಟು ತಿಂಗಳ ಬಾಡಿಗೆ ಇಲ್ಲದೆ ಇರುವುದು ಅದು. ಮನೆ ಮೇಲೆ ಬ್ಯಾಂಕ್ ಸಾಲ ಇದ್ದು ಓನರ್ ಕಟ್ಟದಿದ್ದರೆ ಬ್ಯಾಂಕಿನವರು ಬಂದಾಗ ನಿಮ್ಮ ದುಡ್ಡು ಸಿಕ್ಕಿಕೊಳ್ಳುತ್ತದೆ. ಋಣಭಾರ ಪತ್ರ, ಅಂದರೆ ಇಸಿ ತೆಗೆಸಿ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮಧ್ಯದವರ ಕೈಗೆ ಅಂತೂ ಬೇಡವೇ ಬೇಡ.

ಬಂದ ವರ್ಷವೇ ಫ್ಲಾಟ್ ಕೊಳ್ಳುವ ಯೋಚನೆ ಇದ್ದರೆ ತಡೆಯಿರಿ. ಒಂದು ಬೇಸಿಗೆ, ಒಂದು ಮಳೆಗಾಲ ಅಲ್ಲಿದ್ದು ನೋಡಿ. ಮಗುವಿಗೆ ಶಾಲೆ ಹಿಡಿಸಿತಾ ಅಂತಲೂ ಗೊತ್ತಾಗಲಿ.

8. ಊರು ಬಿಡುವ ಮೊದಲು ಮಾಡಿಕೊಳ್ಳಬೇಕಾದ ಕಾಗದಗಳು

ಜನನ ಪ್ರಮಾಣಪತ್ರ, ಆಧಾರ್, ಅಂಕಪಟ್ಟಿ, ಫೋಟೋ, ಸಣ್ಣ ಮಕ್ಕಳಿಗೆ ಲಸಿಕೆ ಕಾರ್ಡು, ಜಾತಿ ಆದಾಯ ಪ್ರಮಾಣಪತ್ರ ಇದ್ದರೆ ಅದರ ಮೇಲೆ ಆರ್‌ಡಿ ಅಂತ ಶುರುವಾಗುವ ಸಂಖ್ಯೆ. ಇದರ ಜೊತೆ ಸ್ಯಾಟ್ಸ್ ಸಂಖ್ಯೆ. ಕರ್ನಾಟಕದ ಶಾಲೆಗಳಲ್ಲಿ ಓದುವ ಪ್ರತಿ ಮಗುವಿಗೂ ಇಲಾಖೆಯ ಸಾಫ್ಟ್‌ವೇರಿನಲ್ಲಿ ಇರುವ ಸಂಖ್ಯೆ ಅದು. ಹಳೆ ಶಾಲೆಯವರು ಆನ್‌ಲೈನ್‌ನಲ್ಲಿ ಮಗುವನ್ನು ಬಿಟ್ಟುಕೊಡದಿದ್ದರೆ ಹೊಸ ಶಾಲೆಯವರು ಸೇರಿಸಿಕೊಳ್ಳಲು ಒದ್ದಾಡುತ್ತಾರೆ. ಟಿಸಿ ಕೈಗೆ ಬಂದ ದಿನವೇ "ಸ್ಯಾಟ್ಸ್‌ನಲ್ಲೂ ಮಾಡಿದ್ದೀರಾ ಸಾರ್?" ಅಂತ ಕೇಳಿಬಿಡಿ. ಹೊಸ ಶಾಲೆಯಲ್ಲಿ ಸೀಟು ಖಾತ್ರಿ ಆಗುವವರೆಗೆ ಟಿಸಿ ತೆಗೆಸಬೇಡಿ. ಹೊರ ರಾಜ್ಯದಿಂದ ಬರುವವರ ಟಿಸಿಗೆ ಅಲ್ಲಿನ ಶಿಕ್ಷಣಾಧಿಕಾರಿಯ ಸಹಿ ಬೇಕು ಅಂತ ಕೆಲವು ಶಾಲೆಗಳು ಕೇಳುತ್ತವೆ. ಅಲ್ಲಿಂದ ಹೊರಡುವ ಮೊದಲೇ ಮಾಡಿಸಿಕೊಂಡರೆ ಮತ್ತೆ ಓಡುವುದು ತಪ್ಪುತ್ತದೆ.

ಹೆಸರು ನೋಡಿ. ನಮ್ಮ ಕಡೆ ಇದು ದೊಡ್ಡ ತಲೆನೋವು. ಜನನ ಪತ್ರದಲ್ಲಿ ಅಪ್ಪನ ಪೂರ್ತಿ ಹೆಸರು, ಆಧಾರ್‌ನಲ್ಲಿ ಕೊನೆಗೆ ಇನಿಷಿಯಲ್, ಶಾಲೆಯಲ್ಲಿ ಊರಿನ ಹೆಸರೂ ಸೇರಿ ಮೂರು ಥರ ಇರುತ್ತದೆ. ಒಂದೇ ಥರ ಮಾಡಿಸಿಕೊಂಡು ಬನ್ನಿ. ಹತ್ತನೇ ಕ್ಲಾಸಿಗೆ ಬಂದ ಮೇಲೆ ತಿದ್ದಿಸುವುದು ಬಹಳ ಕಷ್ಟ.

ವಯಸ್ಸು: ರಾಜ್ಯದ ನಿಯಮದಂತೆ ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು, ಎಲ್‌ಕೆಜಿಗೆ 4, ಯುಕೆಜಿಗೆ 5. 2025-26ರಲ್ಲಿ ಒಂದನೇ ತರಗತಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ಅದನ್ನು ನೋಡಿ ನಿಮ್ಮ ಮಗುವಿಗೂ ಹಾಗೇ ಆಗುತ್ತದೆ ಅಂದುಕೊಳ್ಳಬೇಡಿ. ಕೇಂದ್ರೀಯ ವಿದ್ಯಾಲಯದಲ್ಲಿ ಮಾರ್ಚ್ 31ಕ್ಕೆ 6 ತುಂಬಿರಬೇಕು.

ಯಾವಾಗ ಶುರು ಮಾಡಬೇಕು, ಮಧ್ಯದಲ್ಲಿ ಬಂದರೆ ಏನು

ಬೇಡಿಕೆ ಇರುವ ಖಾಸಗಿ ಶಾಲೆಗಳು ಅಕ್ಟೋಬರ್, ನವೆಂಬರ್‌ಗೇ ಅರ್ಜಿ ಕೊಡಲು ಶುರು ಮಾಡುತ್ತವೆ. ರಾಜ್ಯ ಪಠ್ಯಕ್ರಮದ ಶಾಲೆಗಳು ಮೇ ಕೊನೆಗೆ ತೆರೆಯುತ್ತವೆ. ಎಲ್‌ಕೆಜಿ ಮತ್ತು ಒಂದನೇ ಕ್ಲಾಸು ಬಿಟ್ಟು ಬೇರೆ ತರಗತಿಗಳಲ್ಲಿ ಯಾರಾದರೂ ಬಿಟ್ಟರೆ ಮಾತ್ರ ಸೀಟು. ಅದು ಗೊತ್ತಾಗುವುದು ಮಾರ್ಚ್, ಏಪ್ರಿಲ್‌ನಲ್ಲಿ. ಹಾಗಾಗಿ ಆ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಫೋನ್ ಮಾಡಿ, ಬೇಜಾರು ಮಾಡಿಕೊಳ್ಳಬೇಡಿ.

ಟ್ರಾನ್ಸ್‌ಫರ್ ಆರ್ಡರ್ ಆಗಸ್ಟ್‌ನಲ್ಲಿ ಬಂದರೂ ಗಾಬರಿ ಬೇಡ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿವರೆಗೆ ವರ್ಷದ ಮಧ್ಯದಲ್ಲಿ ಬಂದರು ಅನ್ನುವ ಕಾರಣಕ್ಕೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳು ಮಗುವನ್ನು ವಾಪಸ್ ಕಳಿಸುವಂತಿಲ್ಲ. ಟಿಸಿ ತಡವಾಯಿತು ಅನ್ನುವುದೂ ಕಾರಣ ಆಗುವುದಿಲ್ಲ. ಆ ವರ್ಷಕ್ಕೆ ಮನೆ ಹತ್ತಿರದ ಇಂಥ ಶಾಲೆಗೆ ಸೇರಿಸಿ, ಮುಂದಿನ ವರ್ಷಕ್ಕೆ ನಿಧಾನವಾಗಿ ಹುಡುಕಬಹುದು. ಹಾಗೆ ಸೇರಿಸಿದವರು ಎಷ್ಟೋ ಜನ ಆಮೇಲೆ ಅಲ್ಲೇ ಮುಂದುವರಿಸಿದ್ದಾರೆ.

ಮನೆ ಸೇರಿದ ಮೊದಲ ವಾರ

ಶಾಲೆ ತೆರೆಯುವ ನಾಲ್ಕೈದು ದಿನ ಮೊದಲೇ ಬಂದುಬಿಡಿ. ಪೆಟ್ಟಿಗೆ ಬಿಚ್ಚುವುದು ತಡವಾದರೂ ಚಿಂತೆಯಿಲ್ಲ, ಮಗುವಿನ ಜೊತೆ ಶಾಲೆಯ ದಾರಿಯಲ್ಲಿ ದಿನಾ ಒಂದು ಸಲ ನಡೆಯಿರಿ. ಮೂಲೆಯ ಮೆಡಿಕಲ್ ಅಂಗಡಿ, ಎಳನೀರಿನವರು, ಹೂವಿನವರು ಹೀಗೆ ದಾರಿಯಲ್ಲಿ ಮೂರು ಗುರುತು ಹಿಡಿಸಿ. ಅಂಗಡಿಯವರ ಹತ್ತಿರ "ನಮ್ಮ ಮಗು, ಇದೇ ಶಾಲೆ" ಅಂತ ಪರಿಚಯ ಮಾಡಿಸಿ. ವಾಪಸ್ ಬರುವಾಗ ದಾರಿ ತೋರಿಸುವುದನ್ನು ಮಗುವಿಗೇ ಬಿಡಿ, ನೀವು ಹಿಂದೆ ನಡೆಯಿರಿ. ಅಪ್ಪ ಅಮ್ಮ ಇಬ್ಬರ ಫೋನ್ ನಂಬರ್, ಹೊಸ ಮನೆಯ ಅಡ್ಡರಸ್ತೆ, ಮುಖ್ಯರಸ್ತೆ ಸಂಖ್ಯೆ ಬರೆದ ಚೀಟಿಯನ್ನು ಬ್ಯಾಗಿನ ಒಳ ಜೇಬಿನಲ್ಲಿಡಿ. ನಂಬರನ್ನು ಬಾಯಿಪಾಠವೂ ಮಾಡಿಸಿ.